ಎರಡು ಮೈಲಿಯ ಅಂತರ: ಇಲಿನಾಯ್ ಹುಲ್ಲುಗಾವಲಿನ ನೆರೆಯ ಪಟ್ಟಣಗಳು

ಊರೊಂದು ಹುಟ್ಟುವುದಕ್ಕೆ ಬೇಕಾದ ಕಾರಣವನ್ನು ಸಾಮಾನ್ಯವಾಗಿ ಪ್ರಕೃತಿಯೇ ಒದಗಿಸಿಕೊಡುವುದುಂಟು. ಹೊಳೆ ದಾಟಲು ಅನುಕೂಲವಾದ ಕಡವು, ಎರಡು ಬೆಟ್ಟಗಳ ನಡುವಣ ಕಣಿವೆದಾರಿ, ಹಡಗು ತಂಗಬಹುದಾದ ಕೊಲ್ಲಿ, ಬೇಸಿಗೆಯಲ್ಲಿಯೂ ಬತ್ತದ ಊಟೆ, ಇವುಗಳಲ್ಲಿ ಯಾವುದಾದರೊಂದನ್ನು ಆಶ್ರಯಿಸಿಯೇ ಲೋಕದ ಬಹುತೇಕ ಪಟ್ಟಣಗಳು ಬೆಳೆದುಬಂದಿವೆ. ಆದರೆ ಅಮೆರಿಕದ ಮಧ್ಯಪಶ್ಚಿಮದಲ್ಲಿರುವ ಇಲಿನಾಯ್ ಸಂಸ್ಥಾನದ ನಡುಭಾಗದಲ್ಲಿ ನಿಂತು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದವನಿಗೆ ಇಂಥ ಕಾರಣ ಯಾವುದೂ ಗೋಚರಿಸುವುದಿಲ್ಲ. ಅಲ್ಲಿ ಬೆಟ್ಟವಿಲ್ಲ, ಹೇಳಿಕೊಳ್ಳುವಂಥ ನದಿಯಿಲ್ಲ, ಒಂದು ಮೈಲಿಗೂ ಮತ್ತೊಂದು ಮೈಲಿಗೂ ಭೇದವೇ ಕಾಣದ ಸಮತಟ್ಟು ನೆಲವು ದಿಗಂತದವರೆಗೂ ಹಬ್ಬಿಕೊಂಡಿದೆ. ಇಂಥ ನೆಲದ ಮೇಲೆ ಈ ಊರು ಇಲ್ಲಿಯೇ ಏಕೆ ನೆಲಸಿತು, ಅದರ ನೆರೆಯ ಊರು ಎರಡೇ ಮೈಲಿಯ ಆಚೆ ಬೇರೆಯಾಗಿ ಏಕೆ ತಲೆಯೆತ್ತಿತು ಎಂದು ಕೇಳಿದರೆ, ಉತ್ತರವನ್ನು ಭೂಗೋಳದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದು ಇರುವುದು ಭೂಮಾಪಕನ ನಕ್ಷೆಯಲ್ಲಿ, ಕೌಂಟಿಯ ಕಡತಗಳಲ್ಲಿ, ರೈಲ್ವೆ ಕಂಪನಿಯ ಸನ್ನದಿನಲ್ಲಿ, ಶಾಸನಸಭೆಯ ಮತಗಣನೆಯಲ್ಲಿ. ಹುಲ್ಲುಗಾವಲಿನ ಪಟ್ಟಣಗಳು ಮನುಷ್ಯನ ನಿರ್ಧಾರಗಳಿಂದ ಹುಟ್ಟಿದವು ಎಂಬುದನ್ನು ಅರ್ಬಾನಾ ಮತ್ತು ಷಾಂಪೇನ್ ಎಂಬ ಅವಳಿ ಪಟ್ಟಣಗಳ ವೃತ್ತಾಂತವೂ, ಅಲ್ಲಿಂದ ಸುಮಾರು ಐವತ್ತು ಮೈಲಿ ವಾಯವ್ಯಕ್ಕಿರುವ ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಎಂಬ ಇನ್ನೊಂದು ಜೋಡಿಯ ವೃತ್ತಾಂತವೂ ತೋರಿಸಿಕೊಡುವಷ್ಟು ಸ್ಪಷ್ಟವಾಗಿ ಮತ್ತಾವುದೂ ತೋರಿಸಲಾರದು.

ಆ ನೆಲವು ಹೀಗೆ ಸಮತಟ್ಟಾದದ್ದು ಹಿಮಯುಗದ ಕೊನೆಯ ಘಟ್ಟದಲ್ಲಿ. ಉತ್ತರದಿಂದ ಇಳಿದುಬಂದ ಹಿಮರಾಶಿಯು ಹಳೆಯ ಕಣಿವೆಗಳನ್ನೆಲ್ಲ ಕಲ್ಲುಮಣ್ಣಿನಿಂದ ತುಂಬಿ, ಕರಗಿ ಹಿಂಜರಿಯುವಾಗ ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರಿನ ದಿಣ್ಣೆಗಳನ್ನು ಮಾತ್ರ ಉಳಿಸಿಹೋಯಿತು. ಅದರ ಮೇಲೆ ಗಾಳಿಯು ನುಣ್ಣನೆಯ ಧೂಳುಮಣ್ಣನ್ನು ತಂದು ಹರಡಿತು. ಆ ಮಣ್ಣಿನಲ್ಲಿ ಆಳೆತ್ತರವನ್ನೂ ಮೀರುವ ಹುಲ್ಲು ಬೆಳೆದು, ಸಹಸ್ರಾರು ವರ್ಷಗಳ ಕಾಲ ತನ್ನ ಬೇರುಗಳನ್ನು ಅಲ್ಲಿಯೇ ಕೊಳೆಸುತ್ತ, ಲೋಕದ ಅತ್ಯಂತ ಫಲವತ್ತಾದ ಕಪ್ಪು ಮಣ್ಣುಗಳಲ್ಲೊಂದನ್ನು ಸಿದ್ಧಗೊಳಿಸಿತು. ಆದರೆ ಇಳಿಜಾರಿಲ್ಲದ ನೆಲದಲ್ಲಿ ಮಳೆಯ ನೀರು ಹರಿದುಹೋಗಲು ದಾರಿಯಿಲ್ಲದ ಕಾರಣ, ವಸಂತಕಾಲದಲ್ಲಿ ಆ ಪ್ರದೇಶದ ಬಹುಭಾಗವು ಜವುಗು ಭೂಮಿಯೇ ಆಗಿರುತ್ತಿತ್ತು. ಹೊಳೆಗಳ ಮಗ್ಗುಲಲ್ಲಿ, ಕಾಡುಕಿಚ್ಚು ತಲಪದ ಕಡೆಗಳಲ್ಲಿ, ಓಕ್, ವಾಲ್ನಟ್, ಮೇಪಲ್ ಮರಗಳ ತೋಪುಗಳು ದ್ವೀಪಗಳಂತೆ ಉಳಿದುಕೊಂಡಿದ್ದವು. ಅಂಥ ತೋಪುಗಳಲ್ಲಿ ದೊಡ್ಡದೊಂದಕ್ಕೆ ಬಿಗ್ ಗ್ರೋವ್ ಎಂಬ ಹೆಸರು ಬಿದ್ದಿತ್ತು; ಅರ್ಬಾನಾ ಹುಟ್ಟಿದ್ದು ಅದರ ದಕ್ಷಿಣದ ಅಂಚಿನಲ್ಲಿ.

ಇದನ್ನು ನಿರ್ಜನಪ್ರದೇಶವೆಂದು ಭಾವಿಸಿದರೆ ಅದು ಸತ್ಯಕ್ಕೆ ದೂರವಾದೀತು. ಕಿಕಾಪೂ, ಪೊಟವಾಟಮಿ ಮುಂತಾದ ಮೂಲನಿವಾಸಿ ಜನಾಂಗಗಳು ಇಲ್ಲಿ ಬೇಟೆಯಾಡಿ, ಮೆಕ್ಕೆಜೋಳ ಬೆಳೆದು, ಹುಲ್ಲಿಗೆ ಕಾಲಕಾಲಕ್ಕೆ ಬೆಂಕಿಯಿಟ್ಟು ಗಾವಲನ್ನು ಗಾವಲಾಗಿಯೇ ಉಳಿಸಿಕೊಂಡು ಬಂದಿದ್ದರು. ಕಿಕಾಪೂಗಳ ದೊಡ್ಡ ಹಳ್ಳಿಯೊಂದು ಬ್ಲೂಮಿಂಗ್ಟನ್ ಇರುವ ಈಗಿನ ಮೆಕ್ಲೀನ್ ಕೌಂಟಿಯಲ್ಲಿಯೇ ಇದ್ದಿತು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಿಂದ ಕಿಕಾಪೂಗಳ ಹಕ್ಕು ಅಳಿಸಿಹೋಯಿತು. ಮೂಲನಿವಾಸಿಗಳಿಗೂ ಬಿಳಿಯರಿಗೂ ನಡೆದ 1832ರ ಬ್ಲ್ಯಾಕ್ ಹಾಕ್ ಯುದ್ಧದ ತರುವಾಯ ಉಳಿದವರ ಮೇಲೆ ಒತ್ತಡ ಮತ್ತಷ್ಟು ಬಿಗಿಯಾಯಿತು. 1838ರ ಶರತ್ಕಾಲದಲ್ಲಿ ಇಂಡಿಯಾನಾದ ಪೊಟವಾಟಮಿಗಳನ್ನು, ಸುಮಾರು 850 ಮಂದಿಯನ್ನು, ಬಂದೂಕಿನ ಕಾವಲಿನಲ್ಲಿ ಕ್ಯಾನ್ಸಸ್‌ಗೆ ನಡೆಸಿಕೊಂಡು ಹೋದ ದಾರಿಯು ಅರ್ಬಾನಾ ಇರುವ ಷಾಂಪೇನ್ ಕೌಂಟಿಯ ಸಿಡ್ನಿ ಮತ್ತು ಸಡೋರಸ್ ತೋಪುಗಳ ಮೂಲಕ ಹಾದುಹೋಯಿತು. ಆ ನಡಿಗೆಯಲ್ಲಿ ಸತ್ತವರು ನಲವತ್ತಕ್ಕೂ ಹೆಚ್ಚು, ಅವರಲ್ಲಿ ಬಹುಮಂದಿ ಎಳೆಯ ಮಕ್ಕಳು. ಅರ್ಬಾನಾ ಆ ಹೊತ್ತಿಗೆ ಐದು ವರ್ಷದ ಊರು. ಹೊಸ ಊರಿನ ಜನನವೂ ಹಳೆಯ ಜನದ ನಿರ್ಗಮನವೂ ಒಂದೇ ಕಾಲದ, ಒಂದೇ ನೆಲದ ಘಟನೆಗಳೆಂಬುದನ್ನು ಈ ಪಟ್ಟಣಗಳ ಚರಿತ್ರೆಯನ್ನು ಬರೆಯುವವರು ಮರೆಯುವುದು ನ್ಯಾಯವಲ್ಲ.

ಹೊಸ ವಲಸಿಗರು ಬರುವುದಕ್ಕೆ ಮೊದಲೇ ಭೂಮಾಪಕನ ರೇಖೆಗಳು ಬಂದಿದ್ದವು. 1785ರ ಭೂ ಕಟ್ಟಳೆಯ ಪ್ರಕಾರ ಪಶ್ಚಿಮದ ನೆಲವನ್ನೆಲ್ಲ ಆರು ಮೈಲಿ ಚೌಕದ ಟೌನ್‌ಷಿಪ್‌ಗಳಾಗಿಯೂ, ಪ್ರತಿಯೊಂದನ್ನೂ 640 ಎಕರೆಗಳ 36 ಸೆಕ್ಷನ್‌ಗಳಾಗಿಯೂ ಅಳೆದು, ಹದಿನಾರನೆಯ ಸೆಕ್ಷನ್ನನ್ನು ಶಾಲೆಯ ನಿರ್ವಹಣೆಗೆಂದು ಮೀಸಲಿಟ್ಟಿದ್ದರು. ಬೆಟ್ಟಗುಡ್ಡಗಳಿರುವ ಕಡೆ ಈ ಚೌಕಗಳು ಕಾಗದದ ಮೇಲೆ ಉಳಿದರೆ, ಇಲಿನಾಯ್‌ನಲ್ಲಿ ಅವು ನೆಲದ ಮೇಲೆಯೇ ಅಚ್ಚೊತ್ತಿದವು. ಇಂದಿಗೂ ಅಲ್ಲಿನ ಹಳ್ಳಿಯ ರಸ್ತೆಗಳು ಮೈಲಿಗೊಂದರಂತೆ ಉತ್ತರದಕ್ಷಿಣವಾಗಿಯೂ ಪೂರ್ವಪಶ್ಚಿಮವಾಗಿಯೂ ನೇರವಾಗಿ ಸಾಗುತ್ತವೆ. 1820ರ ಕಾನೂನಿನಂತೆ ಸರ್ಕಾರದ ಬೆಲೆ ಎಕರೆಗೆ ಒಂದೂಕಾಲು ಡಾಲರ್, ಕೊಳ್ಳಬೇಕಾದ ಕನಿಷ್ಠ ವಿಸ್ತೀರ್ಣ 80 ಎಕರೆ. ನೂರು ಡಾಲರ್ ಕೂಡಿಟ್ಟ ರೈತನು ಭೂಮಾಲೀಕನಾಗಬಹುದಾಗಿತ್ತು.

ಹೀಗಿದ್ದೂ ಮೊದಲ ತಲೆಮಾರಿನವರು ಹುಲ್ಲುಗಾವಲಿಗೆ ಕಾಲಿಡಲಿಲ್ಲ. ಕೆಂಟಕಿ, ಒಹಾಯೋ, ಇಂಡಿಯಾನಾಗಳಿಂದ ಎತ್ತಿನ ಬಂಡಿಗಳಲ್ಲಿ ಬಂದ ಅವರು ತೋಪುಗಳ ಅಂಚನ್ನು ಹಿಡಿದೇ ನೆಲಸಿದರು. ಮರ ಬೆಳೆಯದ ಮಣ್ಣು ಬೆಳೆಯನ್ನು ಕೊಡಲಾರದೆಂಬ ಹಳೆಯ ನಂಬಿಕೆ ಕೆಲವರಿಗಿದ್ದಿತು. ಆದರೆ ಅದಕ್ಕಿಂತ ಬಲವಾದ ಕಾರಣಗಳು ಬೇರೆಯಿದ್ದುವು. ಮನೆ ಕಟ್ಟಲು ದಿಮ್ಮಿ, ಒಲೆಗೆ ಸೌದೆ, ಹೊಲಕ್ಕೆ ಬೇಲಿ, ಇವೆಲ್ಲ ಬರಬೇಕಾದದ್ದು ಮರದಿಂದ. ಬಯಲಿನ ಹುಲ್ಲಿನ ಬೇರುಗಳ ಹೆಣಿಗೆಯಾದರೋ ಎಷ್ಟು ಬಿಗಿಯೆಂದರೆ, ಪೂರ್ವದಿಂದ ತಂದ ನೇಗಿಲುಗಳು ಅದನ್ನು ಸೀಳಲಾರದೆ ಹೋದುವು. ಸೀಳಿದರೂ ಜಿಗುಟು ಮಣ್ಣು ಎರಕದ ಕಬ್ಬಿಣಕ್ಕೆ ಅಂಟಿಕೊಂಡು, ಹೆಜ್ಜೆ ಹೆಜ್ಜೆಗೂ ಎತ್ತುಗಳನ್ನು ನಿಲ್ಲಿಸಿ ಕೆರೆಯಬೇಕಾಗುತ್ತಿತ್ತು. ಬೇಸಿಗೆಯಲ್ಲಿ ಹಸಿರುತಲೆಯ ನೊಣಗಳ ಹಿಂಡು ಕುದುರೆಗಳನ್ನು ಕಚ್ಚಿ ಹುಚ್ಚು ಹಿಡಿಸುತ್ತಿದ್ದುದರಿಂದ ಪ್ರಯಾಣಿಕರು ಬಯಲನ್ನು ರಾತ್ರಿಯಲ್ಲಿ ದಾಟುವುದೇ ವಾಡಿಕೆ. ಜವುಗಿನ ಸೊಳ್ಳೆಗಳಿಂದ ಹರಡುವ ಚಳಿಜ್ವರವು ಪ್ರತಿ ವರ್ಷವೂ ಮನೆಮನೆಯಲ್ಲಿ ಜನರನ್ನು ಕೈಕಾಲು ಆಡದಂತೆ ಮಲಗಿಸುತ್ತಿತ್ತು. ಶರತ್ಕಾಲದಲ್ಲಿ ಒಣಗಿದ ಹುಲ್ಲಿಗೆ ಹತ್ತಿದ ಬೆಂಕಿ ಗಾಳಿಯ ವೇಗದಲ್ಲಿ ಓಡಿಬರುವಾಗ, ಮನೆಯ ಸುತ್ತ ಉತ್ತ ನೆಲದ ಒಂದು ಪಟ್ಟಿಯೇ ಅವರಿಗಿದ್ದ ರಕ್ಷಣೆ. 1830ರ ಡಿಸೆಂಬರಿನಲ್ಲಿ ಸುರಿಯತೊಡಗಿದ ಹಿಮವು ಇಡೀ ಚಳಿಗಾಲ ಕರಗದೆ ನಿಂತು ಬೇಟೆಯ ಮೃಗಗಳನ್ನೂ ದನಕರುಗಳನ್ನೂ ಕೊಂದಾಗ, ಆ ಋತುವನ್ನು ಉಳಿದು ಕಂಡವರು ಮುಂದೆ ಜೀವಮಾನವಿಡೀ ತಮ್ಮ ಕಾಲವನ್ನು 'ಆಳವಾದ ಹಿಮ'ದ ಹಿಂದೆ, ಮುಂದೆ ಎಂದು ಎಣಿಸುತ್ತಿದ್ದರು.

ಈ ಅಡಚಣೆಗಳಲ್ಲಿ ಒಂದೊಂದೂ ಒಂದೊಂದು ಉಪಾಯದಿಂದ ಪರಿಹಾರವಾಯಿತು. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯ ಕಮ್ಮಾರ ಜಾನ್ ಡೀರ್ ನಯಗೊಳಿಸಿದ ಉಕ್ಕಿನ ನೇಗಿಲನ್ನು ಮಾಡಿದನು. ಜಿಗುಟು ಮಣ್ಣು ಅದರ ಮೇಲಿಂದ ತಾನಾಗಿ ಜಾರಿ ಬೀಳುತ್ತಿತ್ತು. ಬೇಲಿಯ ಸಮಸ್ಯೆಗೆ ಜ್ಯಾಕ್ಸನ್‌ವಿಲ್‌ನ ಅಧ್ಯಾಪಕ ಜೊನಾಥನ್ ಬಾಲ್ಡ್ವಿನ್ ಟರ್ನರ್ ಒಂದು ಜೀವಂತ ಪರಿಹಾರವನ್ನು ಸೂಚಿಸಿದನು: ಓಸೇಜ್ ಆರೆಂಜ್ ಎಂಬ ಮುಳ್ಳುಗಿಡವನ್ನು ಒತ್ತಾಗಿ ನೆಟ್ಟು ಸವರುತ್ತ ಬಂದರೆ ದನ ನುಗ್ಗದ ಹಸಿರುಬೇಲಿ ಸಿದ್ಧವಾಗುತ್ತಿತ್ತು. ಈ ಟರ್ನರ್‌ನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಿಗಾಗಿ ಸಾರ್ವಜನಿಕ ಭೂಮಿಯ ಹಣದಿಂದ ವಿಶ್ವವಿದ್ಯಾಲಯಗಳನ್ನು ಕಟ್ಟಬೇಕೆಂದು 1851ರಿಂದಲೇ ಊರೂರು ಸುತ್ತಿ ವಾದಿಸಿದವನೂ ಇವನೇ. ಒಬ್ಬನೇ ಮನುಷ್ಯನು ಹೊಲದ ಬೇಲಿಯನ್ನೂ ವಿದ್ಯೆಯ ಬಾಗಿಲನ್ನೂ ಕುರಿತು ಸಮಾನವಾದ ಶ್ರದ್ಧೆಯಿಂದ ಚಿಂತಿಸಿದ್ದು ಆ ಕಾಲದ ದೊಡ್ಡ ಗುಣವೆಂದು ನನ್ನ ಭಾವನೆ.

ಪಟ್ಟಣಗಳ ಕಥೆ ಕೌಂಟಿಗಳ ರಚನೆಯಿಂದ ಪ್ರಾರಂಭವಾಗುತ್ತದೆ. ಕೌಂಟಿಯೊಂದು ನಿರ್ಮಾಣವಾದರೆ ಅದಕ್ಕೆ ನ್ಯಾಯಾಲಯ ಬೇಕು. ನ್ಯಾಯಾಲಯವಿದ್ದಲ್ಲಿ ವಕೀಲ, ಪತ್ರಬರಹಗಾರ, ತಂಗುದಾಣ, ಅಂಗಡಿ ತಾವಾಗಿ ಬಂದು ಸೇರುತ್ತವೆ. ಆದ್ದರಿಂದ ಜಮೀನಿದ್ದವರು ನ್ಯಾಯಾಲಯ ತಮ್ಮ ನೆಲದಲ್ಲಿಯೇ ನಿಲ್ಲಲೆಂದು ಧರ್ಮಕ್ಕೆ ಭೂಮಿ ಕೊಡಲು ಮುಂದಾಗುತ್ತಿದ್ದರು. ಮೆಕ್ಲೀನ್ ಕೌಂಟಿ 1830ರ ಡಿಸೆಂಬರಿನಲ್ಲಿ ಹುಟ್ಟಿದಾಗ ಜೇಮ್ಸ್ ಆಲಿನ್ ಎಂಬ ವರ್ತಕನು 60 ಎಕರೆಗಳನ್ನು ದಾನವಾಗಿ ಕೊಟ್ಟನು. 1831ರ ಜುಲೈ 4ರಂದು ಅಲ್ಲಿ ನಿವೇಶನಗಳ ಹರಾಜು ನಡೆದು ಬ್ಲೂಮಿಂಗ್ಟನ್ ಪಟ್ಟಣವಾಯಿತು. ಎರಡು ವರ್ಷಗಳ ಬಳಿಕ, 1833ರಲ್ಲಿ, ವರ್ಮಿಲಿಯನ್ ಕೌಂಟಿಯ ಪಶ್ಚಿಮ ಭಾಗವನ್ನು ಬೇರ್ಪಡಿಸಿ ಷಾಂಪೇನ್ ಕೌಂಟಿಯನ್ನು ರಚಿಸಲಾಯಿತು. ಅದರ ಕರ್ತೃವಾದ ಸೆನೆಟರ್ ಜಾನ್ ವ್ಯಾನ್ಸ್ ಒಹಾಯೋದಲ್ಲಿನ ತನ್ನ ಮೂಲ ಕೌಂಟಿಯ ಹೆಸರನ್ನು ಹೊಸ ಕೌಂಟಿಗೂ, ಅದರ ಮುಖ್ಯಪಟ್ಟಣದ ಹೆಸರನ್ನು ಹೊಸ ಪಟ್ಟಣಕ್ಕೂ ಇಟ್ಟನು. ಬ್ಯೂಸಿ ಮನೆತನದವರೂ ವೆಬರ್ ಮನೆತನದವರೂ ಕೊಟ್ಟ ನೆಲದಲ್ಲಿ ಅರ್ಬಾನಾದ ನ್ಯಾಯಾಲಯ ನಿಂತಿತು. ಇಷ್ಟಾದರೂ ಹದಿನೇಳು ವರ್ಷಗಳ ತರುವಾಯ, 1850ರ ಜನಗಣತಿಯಲ್ಲಿ, ಅರ್ಬಾನಾದ ಜನಸಂಖ್ಯೆ ಕೇವಲ 210. ಬೆಳೆದ ಮೆಕ್ಕೆಜೋಳವನ್ನು ಸಾಗಿಸಲು ದಾರಿಯಿಲ್ಲದ್ದರಿಂದ ಅದನ್ನು ದನಕ್ಕೂ ಹಂದಿಗೂ ತಿನ್ನಿಸಿ, ಆ ಮಂದೆಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗಿ ಮಾರುವುದೇ ಅಲ್ಲಿನ ವ್ಯಾಪಾರವಾಗಿದ್ದಿತು. ಬ್ಲೂಮಿಂಗ್ಟನ್ ಬಳಿಯ ಐಸಾಕ್ ಫಂಕ್ ಆ ವ್ಯಾಪಾರದಿಂದಲೇ ಸಾವಿರಾರು ಎಕರೆಗಳ ಒಡೆಯನಾದನು.

ಈ ನಿಶ್ಚಲತೆಯನ್ನು ಮುರಿದದ್ದು ರೈಲು. ಸೆನೆಟರ್ ಸ್ಟೀಫನ್ ಡಗ್ಲಾಸ್‌ನ ಪ್ರಯತ್ನದಿಂದ 1850ರಲ್ಲಿ ಕೇಂದ್ರ ಸರ್ಕಾರವು ರೈಲು ಮಾರ್ಗದ ಎರಡೂ ಮಗ್ಗುಲಿಗೆ ಒಂದು ಬಿಟ್ಟು ಒಂದರಂತೆ ಸೆಕ್ಷನ್‌ಗಳನ್ನು ಇಲಿನಾಯ್ ಸಂಸ್ಥಾನಕ್ಕೆ ದಾನಮಾಡಿತು. ಸಂಸ್ಥಾನವು ಅವನ್ನು 1851ರಲ್ಲಿ ಸನ್ನದು ಪಡೆದ ಇಲಿನಾಯ್ ಸೆಂಟ್ರಲ್ ಕಂಪನಿಗೆ ವಹಿಸಿಕೊಟ್ಟಿತು. ಹೀಗೆ ಕಂಪನಿಯ ಕೈಸೇರಿದ ಭೂಮಿ ಸುಮಾರು 26 ಲಕ್ಷ ಎಕರೆ. ಅದು ತನ್ನ ಭೂಮಿಯನ್ನು ಕಂತಿನ ಮೇಲೆ ಮಾರಿ, ಅಮೆರಿಕದ ಪೂರ್ವ ಸಂಸ್ಥಾನಗಳಲ್ಲಿಯೂ ಯೂರೋಪಿನಲ್ಲಿಯೂ ಜಾಹೀರಾತುಗಳನ್ನು ಹಂಚಿ, ಜರ್ಮನರನ್ನೂ ಸ್ವೀಡನ್, ನಾರ್ವೆಗಳವರನ್ನೂ ಆಹ್ವಾನಿಸಿತು. 1856ರಲ್ಲಿ 705 ಮೈಲಿಗಳ ಮಾರ್ಗ ಪೂರ್ಣವಾದಾಗ ಲೋಕದಲ್ಲಿ ಅದಕ್ಕಿಂತ ಉದ್ದವಾದ ರೈಲು ಮಾರ್ಗ ಮತ್ತೊಂದಿರಲಿಲ್ಲ. ಅದರ ಮುಖ್ಯ ಮಾರ್ಗವು ಬ್ಲೂಮಿಂಗ್ಟನ್ನಿನ ಸಮೀಪದಲ್ಲಿಯೂ, ಷಿಕಾಗೋ ಶಾಖೆಯು ಅರ್ಬಾನಾದ ಸಮೀಪದಲ್ಲಿಯೂ ಹಾದುಹೋದುವು.

ಸಮೀಪದಲ್ಲಿ, ಆದರೆ ಊರಿನೊಳಗಲ್ಲ. 1854ರ ಬೇಸಿಗೆಯಲ್ಲಿ ಮೊದಲ ರೈಲು ಬಂದು ನಿಂತದ್ದು ಅರ್ಬಾನಾದ ನ್ಯಾಯಾಲಯದಿಂದ ಎರಡು ಮೈಲಿ ಪಶ್ಚಿಮಕ್ಕೆ, ಮನೆಮಠಗಳಿಲ್ಲದ ಬಯಲಿನಲ್ಲಿ. ಆ ಎರಡು ಮೈಲಿಯ ಕೆಸರುದಾರಿಯನ್ನು ದಾಟಿ ಊರಿಗೆ ಹೋಗುವ ಬದಲು ಹಳಿಯ ಪಕ್ಕದಲ್ಲಿಯೇ ಅಂಗಡಿಯಿಡುವುದು ಲಾಭವೆಂದು ವರ್ತಕರು ಬಹುಬೇಗ ಕಂಡುಕೊಂಡರು. ಧಾನ್ಯದ ಉಗ್ರಾಣ, ಮರದ ಅಡಿತಿ, ಹೋಟೆಲು, ಚರ್ಚು ಒಂದರ ಹಿಂದೊಂದು ಎದ್ದುವು. ಈ ಹೊಸ ನೆಲೆಗೆ ಪಶ್ಚಿಮ ಅರ್ಬಾನಾ ಎಂದು ಹೆಸರಾಯಿತು. ಕಂಪನಿಯೇ ಪಟ್ಟಣಗಳನ್ನು ರೂಪಿಸುವುದಕ್ಕೆ ಕಾನೂನಿನ ಅಡ್ಡಿಯಿದ್ದುದರಿಂದ, ಕಂಪನಿಯ ನಿರ್ದೇಶಕರಲ್ಲಿ ಕೆಲವರು ಬೇರೊಂದು ಕೂಟ ಮಾಡಿಕೊಂಡು, ಸ್ಟೇಷನ್ನುಗಳ ಸುತ್ತಲಿನ ನೆಲವನ್ನು ಕೊಂಡು, ಒಂದೇ ಅಚ್ಚಿನ ನಕ್ಷೆಯಲ್ಲಿ ಊರ ಮೇಲೆ ಊರನ್ನು ಗುರುತಿಸುತ್ತ ಹೋದರು. ಒಂದು ಗಿಡವೂ ಇಲ್ಲದ ಬಯಲಿನ ಬೀದಿಗಳಿಗೆ ವಾಲ್ನಟ್, ಚೆಸ್ಟ್‌ನಟ್, ಓಕ್ ಎಂದು ಮರಗಳ ಹೆಸರುಗಳು ಬಂದದ್ದು ಹೀಗೆ. ಷಾಂಪೇನಿನ ಹಳೆಯ ಪೇಟೆಬೀದಿಗಳು ಇಂದಿಗೂ ದಿಕ್ಕುಗಳನ್ನು ಅನುಸರಿಸದೆ ರೈಲುಹಳಿಯನ್ನು ಅನುಸರಿಸಿ ಓರೆಯಾಗಿ ಸಾಗುತ್ತವೆ. ಊರಿನ ಹುಟ್ಟಿನ ಕಾರಣವನ್ನು ಅದರ ನಕ್ಷೆಯೇ ನುಡಿಯುತ್ತದೆ.

1855ರಲ್ಲಿ ಅರ್ಬಾನಾ ನಗರದ ಸನ್ನದನ್ನು ಪಡೆದುಕೊಂಡು, ಸ್ಟೇಷನ್ನಿನ ಸುತ್ತಣ ನೆಲೆಯನ್ನೂ ತನ್ನ ಎಲ್ಲೆಯೊಳಗೆ ಸೇರಿಸಿಕೊಳ್ಳಲು ಬಯಸಿತು. ಸ್ಟೇಷನ್ನಿನವರು ಒಪ್ಪಲಿಲ್ಲ. ತಮ್ಮ ತೆರಿಗೆಯ ಹಣದಿಂದ ಹಳೆಯ ಊರು ಅಲಂಕರಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಅವರು ತಮ್ಮದೇ ಆಡಳಿತವನ್ನು ಸ್ಥಾಪಿಸಿಕೊಂಡು, 1860ರಲ್ಲಿ ಷಾಂಪೇನ್ ಎಂಬ ಹೆಸರಿನಿಂದ ಪ್ರತ್ಯೇಕ ನಗರವಾದರು. ಆ ವರ್ಷದ ಗಣತಿಯಲ್ಲಿ ಅರ್ಬಾನಾದಲ್ಲಿ 2,038 ಜನ, ಷಾಂಪೇನಿನಲ್ಲಿ 1,727 ಜನ. ಹತ್ತು ವರ್ಷ ಕಳೆಯುವುದರೊಳಗೆ ಅರ್ಬಾನಾ 2,277ರಲ್ಲಿ ನಿಂತರೆ, ಷಾಂಪೇನ್ 4,625ಕ್ಕೆ ಏರಿತ್ತು. ನ್ಯಾಯಾಲಯ ಮತ್ತು ರೈಲು ಇವೆರಡರಲ್ಲಿ ಯಾವುದು ಹೆಚ್ಚು ಬಲವಾದ ಶಕ್ತಿಯೆಂಬುದಕ್ಕೆ ಈ ಅಂಕಿಗಳಿಗಿಂತ ಬೇರೆ ಪ್ರಮಾಣ ಬೇಕಿಲ್ಲ. ಅದೇ ಕೌಂಟಿಯ ಹೋಮರ್ ಎಂಬ ಸಣ್ಣ ಊರಿನವರು ಈ ಪಾಠವನ್ನು ಎಲ್ಲರಿಗಿಂತ ತೀವ್ರವಾಗಿ ಕಲಿತಿದ್ದರು. ಮತ್ತೊಂದು ಕಂಪನಿಯ ಹಳಿ ತಮ್ಮ ಊರನ್ನು ಬಿಟ್ಟು ದಕ್ಷಿಣದಲ್ಲಿ ಹಾದುಹೋಗುವುದೆಂದು ತಿಳಿದಕೂಡಲೇ, ಮೈಕೇಲ್ ಕಾಫೀನ್ ಎಂಬ ವರ್ತಕನ ಮುಂದಾಳುತನದಲ್ಲಿ ಅವರು ಚಳಿಗಾಲದ ಹೆಪ್ಪುಗಟ್ಟಿದ ನೆಲಕ್ಕಾಗಿ ಕಾದಿದ್ದು, ಮನೆ ಅಂಗಡಿಗಳನ್ನು ತಳಪಾಯದಿಂದ ಎಬ್ಬಿಸಿ, ಮರದ ತೊಲೆಗಳ ಮೇಲೆ ಕೂರಿಸಿ, ಎತ್ತುಗಳ ಸಾಲುಗಳನ್ನು ಹೂಡಿ, ಇಡೀ ಊರನ್ನೇ ಹಳಿಯ ಬಳಿಗೆ ಎಳೆದುಕೊಂಡು ಹೋದರು.

ರೈಲಿನ ಜೊತೆಯಲ್ಲಿ ವ್ಯಾಜ್ಯವೂ ಬಂದಿತು. ಸನ್ನದಿನ ಪ್ರಕಾರ ಕಂಪನಿಯು ತನ್ನ ಒಟ್ಟು ಆದಾಯದಲ್ಲಿ ಶೇಕಡಾ 7ರಷ್ಟನ್ನು ಸಂಸ್ಥಾನಕ್ಕೆ ಕೊಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಬೇರೆ ತೆರಿಗೆಗಳಿಂದ ಮುಕ್ತಿ. ಕೌಂಟಿಗಳು ಇದನ್ನು ಒಪ್ಪದೆ ತಾವೂ ತೆರಿಗೆ ಹಾಕಹೊರಟುವು. ಆಗ ಕುದುರೆಯೇರಿ ಊರಿಂದೂರಿಗೆ ಸಂಚಾರಿ ನ್ಯಾಯಾಲಯದ ಸಂಗಡ ತಿರುಗುತ್ತಿದ್ದ ಅಬ್ರಹಾಂ ಲಿಂಕನ್ ಎಂಬ ವಕೀಲನು ಅರ್ಬಾನಾಕ್ಕೂ ಬ್ಲೂಮಿಂಗ್ಟನ್ನಿಗೂ ಸಮಾನವಾಗಿ ಪರಿಚಿತನಾಗಿದ್ದನು. 1853ರಲ್ಲಿ ಮೆಕ್ಲೀನ್ ಕೌಂಟಿಯ ಮೊಕದ್ದಮೆ ಏಳುತ್ತಿದ್ದಂತೆ ಆತನು ಷಾಂಪೇನ್ ಕೌಂಟಿಯ ಗುಮಾಸ್ತನಿಗೆ ಪತ್ರ ಬರೆದು, ಇದೇ ಪ್ರಶ್ನೆಯ ಬಗ್ಗೆ ತಮ್ಮೊಡನೆ ಮೊದಲು ಮಾತಾಗಿರುವುದರಿಂದ ತನ್ನ ಸೇವೆಯ ಮೇಲೆ ಮೊದಲ ಹಕ್ಕು ತಮ್ಮದೆಂದೂ, ತಕ್ಕ ಶುಲ್ಕ ಕೊಡುವುದಾದರೆ ಕೌಂಟಿಗಳ ಪರ ನಿಲ್ಲುವೆನೆಂದೂ ತಿಳಿಸಿದನು. ಕೌಂಟಿಗಳು ಆತನನ್ನು ನೇಮಿಸಿಕೊಳ್ಳಲಿಲ್ಲ, ಕಂಪನಿ ನೇಮಿಸಿಕೊಂಡಿತು, 1856ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಪರವಾಗಿ ತೀರ್ಪಿತ್ತಿತು. ತನ್ನ 5,000 ಡಾಲರ್ ಶುಲ್ಕಕ್ಕಾಗಿ ಲಿಂಕನ್ ಆ ಕಂಪನಿಯ ಮೇಲೆಯೇ ದಾವೆ ಹೂಡಿ ಗೆಲ್ಲಬೇಕಾಗಿ ಬಂದದ್ದು ಬೇರೆಯ ಮಾತು.

ಬ್ಲೂಮಿಂಗ್ಟನ್ನಿನ ಜೋಡಿ ಊರು ಹುಟ್ಟಿದ ಬಗೆ ಇದಕ್ಕಿಂತ ಸೌಮ್ಯವಾದದ್ದು. ಊರಿನ ಉತ್ತರಕ್ಕೆ ಎರಡು ರೈಲು ಮಾರ್ಗಗಳು ಸಂಧಿಸುವ ಸ್ಥಳದ ಸುತ್ತ ಜೆಸ್ಸಿ ಫೆಲ್ ಎಂಬ ವಕೀಲನು ಭೂಮಿಯನ್ನು ಕೊಂಡಿದ್ದನು. ಕೇವಲ ನಿವೇಶನ ಮಾರಿ ಲಾಭ ಗಳಿಸುವವನು ಆತನಾಗಿರಲಿಲ್ಲ. ಸಂಸ್ಥಾನವು ಶಿಕ್ಷಕರ ತರಬೇತಿಗಾಗಿ ನಾರ್ಮಲ್ ವಿಶ್ವವಿದ್ಯಾಲಯವೊಂದನ್ನು ಸ್ಥಾಪಿಸಲು 1857ರಲ್ಲಿ ನಿಶ್ಚಯಿಸಿದಾಗ, ಮನೆಮನೆ ತಿರುಗಿ ವಾಗ್ದಾನಗಳನ್ನು ಸಂಗ್ರಹಿಸಿ, ಕೌಂಟಿಯ ಪಾಲನ್ನೂ ಸೇರಿಸಿ ಒಂದು ಲಕ್ಷ ನಲವತ್ತು ಸಾವಿರ ಡಾಲರುಗಳಿಗೂ ಮೀರಿದ ಮೊತ್ತವನ್ನು ಮುಂದಿಟ್ಟು, ಪಿಯೋರಿಯಾ ಪಟ್ಟಣವನ್ನು ಸೋಲಿಸಿ, ಆ ವಿದ್ಯಾಲಯವನ್ನು ತಂದವನು ಆತ. ಆ ವಾಗ್ದಾನಗಳಿಗೆ ಖಾತರಿಪತ್ರವನ್ನು ಬರೆದುಕೊಟ್ಟವನು ಪುನಃ ಲಿಂಕನ್ನೇ. ಉತ್ತರ ಬ್ಲೂಮಿಂಗ್ಟನ್ ಎಂದಿದ್ದ ನೆಲೆ 1865ರಲ್ಲಿ ವಿದ್ಯಾಲಯದ ಹೆಸರಿನಿಂದ ನಾರ್ಮಲ್ ಪಟ್ಟಣವಾಯಿತು. ಫೆಲ್ ಅಲ್ಲಿ ಸಹಸ್ರಗಟ್ಟಲೆ ಮರಗಳನ್ನು ನೆಡಿಸಿದನು; ಮದ್ಯದ ಮಾರಾಟವನ್ನು ಪಟ್ಟಣದ ಸನ್ನದಿನಲ್ಲಿಯೇ ನಿಷೇಧಿಸುವಂತೆ ಮಾಡಿದನು; ಆ ನಿಷೇಧ ನೂರು ವರ್ಷಗಳಿಗೂ ಮೀರಿ ಉಳಿಯಿತು. ಪಕ್ಕದ ಬ್ಲೂಮಿಂಗ್ಟನ್ನಿನಲ್ಲಿ ರೈಲು ಕಾರ್ಯಾಗಾರಗಳು ಬೆಳೆದುವು. ಜಾರ್ಜ್ ಪುಲ್‌ಮನ್ ತನ್ನ ಮೊದಲ ಶಯನಗಾಡಿಗಳನ್ನು 1859ರಲ್ಲಿ ಮಾರ್ಪಡಿಸಿಕೊಂಡದ್ದು ಅಲ್ಲಿಯೇ. ಒಂದು ಊರು ಕಮ್ಮಾರನ ಸುತ್ತಿಗೆಯ, ಇನ್ನೊಂದು ಉಪಾಧ್ಯಾಯನ ಪಾಟಿಯ ಊರಾಗಿ, ಪರಸ್ಪರ ತಗುಲಿಕೊಂಡೇ ಬೆಳೆದುವು.

ಈ ಎರಡು ಜೋಡಿಗಳ ಹಾದಿಗಳು ನೇರವಾಗಿ ಸಂಘರ್ಷಿಸಿದ್ದು 1867ರಲ್ಲಿ. ಟರ್ನರ್ ಕಂಡ ಕನಸು 1862ರ ಮಾರಿಲ್ ಕಾಯಿದೆಯ ಮೂಲಕ ಕೈಗೂಡಿ, ಕೇಂದ್ರ ಸರ್ಕಾರದ ಭೂಮಿಯನ್ನು ಮಾರಿದ ಹಣದಿಂದ ಪ್ರತಿಯೊಂದು ಸಂಸ್ಥಾನವೂ ಕೃಷಿ ಮತ್ತು ಯಂತ್ರವಿದ್ಯೆಗಳ ಕಾಲೇಜನ್ನು ಸ್ಥಾಪಿಸಬಹುದೆಂದು ತೀರ್ಮಾನವಾಗಿತ್ತು. ಇಲಿನಾಯ್‌ನ ಪಾಲಿನ ಆ ಕಾಲೇಜು ಯಾವ ಊರಿಗೆ ಎಂಬುದೇ ಪ್ರಶ್ನೆ. ಟರ್ನರನ ಊರಾದ ಜ್ಯಾಕ್ಸನ್‌ವಿಲ್ 4,91,000 ಡಾಲರ್, ಬ್ಲೂಮಿಂಗ್ಟನ್ 4,70,000, ಲಿಂಕನ್ ಪಟ್ಟಣ 3,85,000 ಡಾಲರ್ ಬೆಲೆಯ ಕೊಡುಗೆಗಳನ್ನು ಮುಂದಿಟ್ಟುವು. ಷಾಂಪೇನ್ ಕೌಂಟಿಯ ಕೊಡುಗೆ ಎಲ್ಲಕ್ಕಿಂತ ಕಡಮೆ, 2,85,000. ಅದರಲ್ಲಿಯೂ ಒಂದಂಶವೆಂದರೆ, ಎರಡು ಊರುಗಳ ನಡುವಣ ಬಯಲಿನಲ್ಲಿ ಕೆಲವು ಉದ್ಯಮಿಗಳು ವಿದ್ಯಾಶಾಲೆಗೆಂದು ಕಟ್ಟಿಸಿ, ಬಳಸದೆ ಬಿಟ್ಟಿದ್ದ ಭಾರಿ ಕಟ್ಟಡ. ಜನರು ಅದನ್ನು 'ಆನೆ'ಯೆಂದು ಕರೆಯುತ್ತಿದ್ದರು. ಆದರೆ ಅರ್ಬಾನಾದ ಪ್ರತಿನಿಧಿ ಕ್ಲಾರ್ಕ್ ಗ್ರಿಗ್ಸ್ ಸಂಸ್ಥಾನವನ್ನೆಲ್ಲ ಮೊದಲೇ ಸುತ್ತಿ, ಸದಸ್ಯರ ಸ್ನೇಹವನ್ನು ಸಂಪಾದಿಸಿ, ಅಧಿವೇಶನ ಸೇರಿದಾಗ ರಾಜಧಾನಿಯ ಹೋಟೆಲಿನಲ್ಲಿ ಕೊಠಡಿಗಳನ್ನು ಹಿಡಿದು ಔತಣಗಳನ್ನಿತ್ತು, ಸಭಾಧ್ಯಕ್ಷ ಪದವಿಯ ಆಸೆಯನ್ನು ತೊರೆದು ಕಾಲೇಜಿನ ವಿಷಯವನ್ನು ವಿಚಾರಿಸುವ ಸಮಿತಿಯ ಅಧ್ಯಕ್ಷತೆಯನ್ನೇ ಕೇಳಿ ಪಡೆದಿದ್ದನು. 1867ರ ಫೆಬ್ರವರಿ 28ರಂದು ಕಾನೂನು ಅಂಗೀಕೃತವಾಗಿ, ಕಾಲೇಜು ಅರ್ಬಾನಾಕ್ಕೆ ದೊರೆಯಿತು.

ಇದು ನ್ಯಾಯವಾಯಿತೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಕೊಡುಗೆಯ ತೂಕವನ್ನೇ ನೋಡಿದರೆ ಆಗಲಿಲ್ಲ, ಟರ್ನರನ ಊರಿಗೆ ಆ ಗೌರವ ಸಲ್ಲಬೇಕಾಗಿತ್ತು. ಆದರೆ ಸಿಕ್ಕಿದ್ದನ್ನು ಆ ಬಯಲುಸೀಮೆಯ ಜನ ಉಳಿಸಿಕೊಂಡ ರೀತಿ ಗೌರವಾರ್ಹವಾದದ್ದು. 1868ರ ಮಾರ್ಚ್ 2ರಂದು ನೂರನ್ನೂ ಮುಟ್ಟದ ವಿದ್ಯಾರ್ಥಿಗಳೊಡನೆ ಇಲಿನಾಯ್ ಕೈಗಾರಿಕಾ ವಿಶ್ವವಿದ್ಯಾಲಯ ಆ 'ಆನೆ'ಯಲ್ಲಿಯೇ ತೆರೆಯಿತು. ಮೊದಲ ರೀಜೆಂಟ್, ಎಂದರೆ ಮುಖ್ಯಸ್ಥ, ಜಾನ್ ಮಿಲ್ಟನ್ ಗ್ರೆಗರಿಯು ನೇಗಿಲಿನ ಶಾಲೆ ಮಾತ್ರವೇ ಸಾಕೆಂಬ ಒತ್ತಾಯಕ್ಕೆ ಮಣಿಯದೆ ಸಾಹಿತ್ಯ, ಇತಿಹಾಸ, ಚಿತ್ರಕಲೆಗಳಿಗೂ ಸ್ಥಾನ ಕೊಟ್ಟನು. 1870ರಲ್ಲಿ ಸ್ತ್ರೀಯರಿಗೆ ಪ್ರವೇಶ ದೊರೆಯಿತು. 1885ರಲ್ಲಿ ಸಂಸ್ಥೆ ಇಲಿನಾಯ್ ವಿಶ್ವವಿದ್ಯಾಲಯವೆಂಬ ಹೆಸರನ್ನು ಪಡೆಯಿತು. ಗ್ರಿಗ್ಸ್ ಆ ಬಳಿಕ ರೈಲಿನ ಕೆಲಸಕ್ಕೆ ಕೈಹಾಕಿ, ಡ್ಯಾನ್‌ವಿಲ್‌ನಿಂದ ಅರ್ಬಾನಾದ ಮೂಲಕ ಬ್ಲೂಮಿಂಗ್ಟನ್ನಿಗೆ ಹೋಗುವ ಮಾರ್ಗವನ್ನು ಹಾಕಿಸುವುದರಲ್ಲಿ ಮುಂದಾಳಾದನು. ಸ್ಟೇಷನ್ನನ್ನು ಕಳೆದುಕೊಂಡಿದ್ದ ಅರ್ಬಾನಾಕ್ಕೆ ಹೀಗೆ ತನ್ನದೇ ಹಳಿಯೂ ರೈಲು ಕಾರ್ಯಾಗಾರವೂ ಲಭಿಸಿದುವು.

ಊರುಗಳು ಹೀಗೆ ಬೆಳೆಯುತ್ತಿದ್ದ ಕಾಲದಲ್ಲಿಯೇ ಸುತ್ತಣ ಬಯಲು ಮಾಯವಾಗುತ್ತಿತ್ತು. ಜವುಗು ನೆಲವನ್ನು ಬಸಿಯಲು ಸುಟ್ಟ ಮಣ್ಣಿನ ಕೊಳವೆಗಳನ್ನು ನಾಲ್ಕೈದು ಅಡಿ ಆಳದಲ್ಲಿ ಹೂಳಿ, ನೀರನ್ನು ತೋಡಿದ ಕಾಲುವೆಗಳಿಗೆ ಹರಿಸುವ ಪದ್ಧತಿ ರೂಢಿಗೆ ಬಂದಿತು. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲದ ಮೂಲಕವೇ ಹೋಗಬೇಕಾದ್ದರಿಂದ ಇದು ಒಂಟಿಯಾಗಿ ಆಗುವ ಕೆಲಸವಲ್ಲ. 1879ರ ಕಾನೂನಿನಿಂದ ರೈತರು ಬಸಿಗಾಲುವೆ ಮಂಡಲಿಗಳನ್ನು ರಚಿಸಿಕೊಂಡು ತಮಗೆ ತಾವೇ ತೆರಿಗೆ ಹಾಕಿಕೊಳ್ಳುವ ಅಧಿಕಾರವನ್ನು ಪಡೆದರು. ಕಾಣದಂತೆ ನೆಲದಡಿಯಲ್ಲಿ ಹೂತುಹೋದ ಈ ಕೊಳವೆಗಳು ರೈಲಿಗಿಂತಲೂ ಹೆಚ್ಚಾಗಿ ಆ ನಾಡಿನ ರೂಪವನ್ನು ಬದಲಿಸಿದುವು. ಚಳಿಜ್ವರ ಅಡಗಿತು, ಜವುಗು ಭೂಮಿಯು ಲೋಕದ ಶ್ರೇಷ್ಠ ಮೆಕ್ಕೆಜೋಳದ ಹೊಲವಾಯಿತು. ಅದರ ಬೆಲೆಯೂ ದೊಡ್ಡದೇ. ಇಲಿನಾಯ್‌ನಲ್ಲಿ ಹಿಂದೆ 2 ಕೋಟಿ 20 ಲಕ್ಷ ಎಕರೆಗಳಷ್ಟಿದ್ದ ಹುಲ್ಲುಗಾವಲಿನಲ್ಲಿ ಮೂಲರೂಪದಲ್ಲಿ ಉಳಿದಿರುವುದು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದೂ ಹಳೆಯ ಸ್ಮಶಾನಗಳಲ್ಲಿ, ರೈಲುಹಳಿಯ ಅಂಚುಗಳಲ್ಲಿ, ನೇಗಿಲು ತಗುಲದ ಮೂಲೆಗಳಲ್ಲಿ. ಫಲವತ್ತಾದ ಮಣ್ಣನ್ನು ಸೃಷ್ಟಿಸಿದ ಹುಲ್ಲನ್ನೇ ಎರಡು ತಲೆಮಾರುಗಳಲ್ಲಿ ಕಳೆದುಕೊಂಡದ್ದು ಶೋಚನೀಯವಾದ ನಷ್ಟವೆಂದೇ ನಾನು ತಿಳಿಯುತ್ತೇನೆ.

ಅರ್ಬಾನಾ, ಷಾಂಪೇನ್ ಇಂದಿಗೂ ಎರಡು ನಗರಗಳಾಗಿಯೇ ಇವೆ. ನಡುವಣ ಎರಡು ಮೈಲಿಯ ಬಯಲನ್ನು ವಿಶ್ವವಿದ್ಯಾಲಯವೂ ಮನೆಗಳೂ ಎಂದೋ ತುಂಬಿಕೊಂಡಿವೆ; ಒಂದಾಗುವ ಪ್ರಸ್ತಾಪಗಳು ಬಂದುಹೋದರೂ ಒಂದು ಬೀದಿಯ ಆಚೆಗೊಬ್ಬ, ಈಚೆಗೊಬ್ಬ ಮೇಯರ್ ಇರುವ ಏರ್ಪಾಡು ಬದಲಾಗಿಲ್ಲ. ಆ ವಿಶ್ವವಿದ್ಯಾಲಯದ ಅಂಗಳದಲ್ಲಿ 1876ರಲ್ಲಿ ಗುರುತುಮಾಡಿದ ಮಾರೋ ಪ್ಲಾಟ್ಸ್ ಎಂಬ ಸಣ್ಣ ಹೊಲವೊಂದಿದೆ. ಅಮೆರಿಕದ ಅತ್ಯಂತ ಹಳೆಯ ಕೃಷಿಪ್ರಯೋಗದ ಭೂಮಿಯಾದ ಅದರಲ್ಲಿ ಅಂದಿನಿಂದ ಮೆಕ್ಕೆಜೋಳ ಬೆಳೆಯುತ್ತಲೇ ಬಂದಿದ್ದಾರೆ. ಅದರ ಪಕ್ಕದಲ್ಲಿ 1969ರಲ್ಲಿ ಗ್ರಂಥಾಲಯ ಕಟ್ಟಬೇಕಾದಾಗ, ಬೆಳೆಯ ಮೇಲೆ ನೆರಳು ಬೀಳಬಾರದೆಂದು ಗ್ರಂಥಾಲಯವನ್ನೇ ನೆಲದಡಿಗೆ ಇಳಿಸಿದರು.

ಭಾರತದೇಶಕ್ಕೂ ಈ ಕಥೆಯ ಒಂದು ಎಳೆ ಬಂದು ತಲಪಿದೆ. 1960ರಲ್ಲಿ ಪಂತನಗರದಲ್ಲಿ ಪ್ರಾರಂಭವಾದ ನಮ್ಮ ಮೊದಲ ಕೃಷಿ ವಿಶ್ವವಿದ್ಯಾಲಯವು ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ರೂಪುಗೊಂಡದ್ದು. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ತಲೆಯೆತ್ತಿದ ಕೃಷಿ ವಿಶ್ವವಿದ್ಯಾಲಯವೂ, ಟೆನೆಸೀ ವಿಶ್ವವಿದ್ಯಾಲಯದ ಸಹಾಯ ಪಡೆದು, ಮಾರಿಲ್ ಕಾಯಿದೆಯಿಂದ ಹುಟ್ಟಿದ ಅದೇ ಭೂದಾನ ಕಾಲೇಜುಗಳ ಮಾದರಿಯನ್ನು ಅನುಸರಿಸಿತು. ಬೋಧನೆ, ಸಂಶೋಧನೆ, ರೈತನ ಬಳಿಗೆ ವಿದ್ಯೆಯ ವಿಸ್ತರಣೆ ಎಂಬ ಮೂರು ಕಾರ್ಯಗಳನ್ನು ಒಂದೇ ಸೂರಿನಡಿಯಲ್ಲಿ ಕೂಡಿಸಿದ ಆ ಕ್ರಮ ಹುಲ್ಲುಗಾವಲಿನ ಊರುಗಳಲ್ಲಿ ಬೆಳೆದು ನಮ್ಮವರೆಗೆ ಬಂದಿತು. ಇಂದು ಯಂತ್ರಶಾಸ್ತ್ರ, ಗಣಕವಿಜ್ಞಾನಗಳನ್ನು ಓದಲು ಷಾಂಪೇನ್‌ಗೆ ಹೋಗುವ ಕನ್ನಡದ ಯುವಕ ಯುವತಿಯರು, ತಮ್ಮ ತರಗತಿಯ ಕೋಣೆಗಳಿಂದ ಹೊರಬಂದು, ಆ ಪ್ರಯೋಗದ ಹೊಲವನ್ನೂ, ಅರ್ಬಾನಾದ ಮೆಡೋಬ್ರೂಕ್ ಉದ್ಯಾನದಲ್ಲಿ ಮತ್ತೆ ಬಿತ್ತಿ ಬೆಳೆಸಿರುವ ಎತ್ತರದ ಹುಲ್ಲನ್ನೂ, ಓರೆಯಾಗಿ ಸಾಗುವ ಆ ಹಳೆಯ ಪೇಟೆಬೀದಿಗಳನ್ನೂ ಒಮ್ಮೆ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರಬೇಕೆಂದು ನಾನು ಅವರನ್ನು ಪ್ರಾರ್ಥಿಸುತ್ತೇನೆ.